ಎರಡು ಕೆವಿಎ ಸಾಕು ಎಂದವರು

ನನ್ನ ದಿನಚರಿಯ ಪುಸ್ತಕಗಳಲ್ಲಿ ಅವರ ಪ್ರಸ್ತಾಪ ಆರು ಕಡೆ ಬರುತ್ತದೆ. ಆರೂ ಒಂದೊಂದೇ ಸಾಲು. 'ಯುಪಿಎಸ್ ಕಾಕಾ ಬಂದಿದ್ದರು' ಎಂದು ಮೂರು ಕಡೆ, 'ಕಾಕಾ ಬರಲಿಲ್ಲ' ಎಂದು ಒಂದು ಕಡೆ, ಇನ್ನೊಂದು ಕಡೆ ಬರೀ ಅವರ ಫೋನ್ ನಂಬರು, ಮತ್ತೊಂದು ಕಡೆ ನಾನು ಈಗ ಓದಲು ಇಷ್ಟಪಡದ ಒಂದು ಸಾಲು. ಇಷ್ಟು ಬಿಟ್ಟರೆ ಮಿಕ್ಕದ್ದೆಲ್ಲ ನೆನಪು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅನುಕೂಲಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಚಟ ಅದಕ್ಕಿದೆ. ಆದ್ದರಿಂದ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ. ಅವರ ಹೆಸರನ್ನಂತೂ ಬರೆಯುವುದಿಲ್ಲ. ಅವರ ಮನೆಯವರು ಬೇಡ ಎಂದಿದ್ದಾರೆ.

ನಾನು ಕೆಲಸ ಮಾಡುವುದು ಧಾರವಾಡದ ಸಪ್ತಾಪುರದಲ್ಲಿರುವ ಒಂದು ಸಣ್ಣ ಸಂಸ್ಥೆಯಲ್ಲಿ. ಈ ಊರಿನ ಮನೆಗಳಲ್ಲಿ ಹಿಂದೆ ನಡೆದ ಸಂಗೀತದ ಬೈಠಕ್ಕುಗಳನ್ನು ಯಾರ್ಯಾರೋ ಟೇಪುಗಳಲ್ಲಿ ಹಿಡಿದಿಟ್ಟಿದ್ದಾರೆ. ಆ ಟೇಪುಗಳು ಅಟ್ಟದ ಮೇಲೆ, ಟ್ರಂಕುಗಳಲ್ಲಿ, ಕೆಲವೊಮ್ಮೆ ದೇವರ ಕೋಣೆಯಲ್ಲಿ ಕೂಡ ಇರುತ್ತವೆ. ನಾವು ಅವನ್ನು ತರಿಸಿಕೊಂಡು, ದನಿಯನ್ನು ಕಂಪ್ಯೂಟರಿಗೆ ಇಳಿಸಿ, ಒಂದು ಸರ್ವರಿನಲ್ಲಿ ಕೂಡಿಡುತ್ತೇವೆ. ಸರ್ವರ್ ಎಂದರೆ ಸದಾ ಚಾಲೂ ಇರುವ ಒಂದು ಕಂಪ್ಯೂಟರು, ಪಕ್ಕದಲ್ಲಿ ಡಿಸ್ಕುಗಳ ಒಂದು ಪೆಟ್ಟಿಗೆ, ಅಷ್ಟೆ. ಬಾಡಿಗೆ ಮನೆಯ ಹಳೆಯ ಅಡುಗೆಕೋಣೆಯಲ್ಲಿ, ಒಲೆಕಟ್ಟೆಯ ಮೇಲೆ ಅದನ್ನು ಇಟ್ಟಿದ್ದೇವೆ. ಅದರ ಉಸ್ತುವಾರಿ ನನ್ನದು.

ಕರೆಂಟು ಹೋದಾಗ ಸರ್ವರು ಧಡಕ್ಕನೆ ನಿಂತು ಎರಡು ಸಲ ತೊಂದರೆ ಕೊಟ್ಟ ಮೇಲೆ ಬ್ಯಾಟರಿಯಿಂದ ಅದನ್ನು ನಡೆಸುವ ಒಂದು ಯುಪಿಎಸ್ ಕೊಳ್ಳಬೇಕೆಂದು ತೀರ್ಮಾನವಾಯಿತು. ಮೂವರಿಗೆ ಫೋನ್ ಮಾಡಿದೆ. ಇಬ್ಬರು, "ಎಷ್ಟು ಕೆವಿಎದ್ದು ಬೇಕು?" ಎಂದು ನನ್ನನ್ನೇ ಕೇಳಿ, ನನಗೆ ಗೊತ್ತಿಲ್ಲ ಎಂದಾಗ ತಾವೇ ಒಂದು ಅಂದಾಜು ಮಾಡಿ ಸಂಜೆಯೊಳಗೆ ಕೊಟೇಶನ್ ಕಳಿಸಿದರು. ಒಬ್ಬರದು ಮೂರು ಕೆವಿಎ, ಇನ್ನೊಬ್ಬರದು ಐದು. ಕೆವಿಎ ಎಂದರೆ ಯಂತ್ರ ಎಷ್ಟು ವಿದ್ಯುತ್ ಭಾರ ಹೊರಬಲ್ಲದು ಎಂಬ ಅಳತೆ. ಮೂರನೆಯವರು ಇವರು. ತಾರಿಹಾಳದಲ್ಲಿ ಸಣ್ಣ ಕಾರ್ಖಾನೆ ಇಟ್ಟಿದ್ದ ಪರಿಚಿತರೊಬ್ಬರು ನಂಬರು ಕೊಟ್ಟಿದ್ದರು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಅವರದು ಅಂಗಡಿ. ಟ್ರಾನ್ಸ್‌ಫಾರ್ಮರ್ ಸುತ್ತುವುದು, ಸ್ಟೆಬಿಲೈಸರ್ ರಿಪೇರಿ, ಯುಪಿಎಸ್ ಮಾರಾಟ. ಓಣಿಯವರಿಗೆ ಉಸ್ತಾದ್, ಗಿರಾಕಿಗಳಿಗೆ ಕಾಕಾ.

"ಯಾವತ್ತ ಬರ್ಲಿರಿ ಬಾಯಾರ? ಪೂರಾ ದಿನಾ ಬೇಕು," ಎಂದರು.

"ಬರೀ ನೋಡಾಕ ಪೂರಾ ದಿನಾ ಯಾಕ್ರಿ?"

"ನೋಡಾಕ ಅಲ್ರಿ. ಕುಂದ್ರಾಕ."

ಅವರು ಬಂದದ್ದು ಬಸ್ಸಿನಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ. ಅರವತ್ತರ ಆಸುಪಾಸು, ಸಣಕಲು ಮೈ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕೊರಳಿಗೆ ದಾರದಲ್ಲಿ ಇಳಿಬಿಟ್ಟ ಕನ್ನಡಕ. ಅಂಗಿಯ ಬಣ್ಣ ತಿಳಿನೀಲಿ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅವರ ಮನೆಯ ಗೋಡೆಯ ಮೇಲೆ ನಾನು ಇತ್ತೀಚೆಗೆ ನೋಡಿದ ಫೋಟೋದಲ್ಲಿ ತಿಳಿನೀಲಿ ಅಂಗಿ ಇದೆ. ಆ ಬಣ್ಣ ಅಲ್ಲಿಂದ ಇಲ್ಲಿಗೆ ಬಂದಿದ್ದರೂ ಬಂದಿರಬಹುದು.

ಕುರ್ಚಿ ಕೊಟ್ಟರೆ ಬೇಡ ಎಂದು ಸ್ಟೂಲು ಕೇಳಿದರು. "ಖುರ್ಚಿ ಒಳಗ ಕುಂತ್ರ ನಿದ್ದಿ ಹತ್ತತೈತಿ." ಚೀಲದಿಂದ ಒಂದು ಮೀಟರು ತೆಗೆದರು. ಇಕ್ಕಳದಂಥ ಬಾಯಿ ಅದಕ್ಕೆ. ಅದು ತಂತಿಯನ್ನು ಕಚ್ಚಿ ಹಿಡಿದರೆ ಒಳಗೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳುತ್ತದೆ. ಅದನ್ನು ಸರ್ವರಿನ ತಂತಿಗೆ ಕಚ್ಚಿಸಿ ಸ್ಟೂಲಿನ ಮೇಲೆ ಕೂತರು. ಕಾಲು ತಾಸಿಗೊಮ್ಮೆ ಅಂಕಿ ನೋಡುವುದು, ಸಾಲಿ ಹುಡುಗರ ನೋಟ್‌ಬುಕ್ಕಿನಲ್ಲಿ ಬರೆಯುವುದು. ನಡುವೆ ನನ್ನನ್ನು ಕರೆದು, ಎಲ್ಲಾ ಒಮ್ಮೆಲೇ ಚಾಲೂ ಮಾಡ್ರಿ, ಈಗ ಒಂದು ದೊಡ್ಡ ಫೈಲ್ ಇಳಿಸ್ರಿ, ಈಗ ಬಂದ್ ಮಾಡಿ ಮತ್ತ ಹಚ್ಚಿರಿ, ಎನ್ನುತ್ತಿದ್ದರು. ಯಂತ್ರದ ಮೈ ಬಿಸಿಯಾಗಿದೆಯೇ ಎಂದು ನೋಡಲು ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ಅಂಗೈ ಮಗುಚಿ ಕೈಯ ಹಿಂಬದಿಯನ್ನು ತಾಗಿಸುತ್ತಿದ್ದರು, ಜ್ವರ ನೋಡುವವರ ಹಾಗೆ. ಯಾಕೆ ಎಂದು ಕೇಳಿದ್ದಕ್ಕೆ, "ಕರೆಂಟ್ ಹೊಡದ್ರ ಕೈ ಮುಚ್ಚತೈತ್ರಿ. ಹಿಂಗ ಇದ್ರ ತಾನ ದೂರ ಆಗತೈತಿ, ಅಂಗೈ ಇದ್ರ ಹಿಡಕೊಂಡ ಬಿಡತೈತಿ," ಎಂದರು. ಅಂದಿನಿಂದ ನಾನೂ ಹಾಗೇ ಮುಟ್ಟುತ್ತೇನೆ.

ಮಧ್ಯಾಹ್ನ ನಮ್ಮ ಅಧ್ಯಕ್ಷರು ಬಂದರು. ನಿವೃತ್ತ ಪ್ರಾಧ್ಯಾಪಕರು. ನಾವೆಲ್ಲ ಅವರನ್ನು ಸರ್ ಎನ್ನುತ್ತೇವೆ. ಅಡುಗೆಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದವರನ್ನು ಕಂಡು ಅವರಿಗೆ ಸ್ವಲ್ಪ ತಮಾಷೆ ಎನಿಸಿತು.

"ಅಲ್ರಿ, ಇಷ್ಟಕ್ಕ ಇಡೀ ದಿನಾ ಕೂಡಬೇಕಾ? ನಮ್ಮ ಮನ್ಯಾಗ ಇನ್ವರ್ಟರ್ ಅದ. ಎರಡು ದೊಡ್ಡ ಬ್ಯಾಟರಿ. ಕರೆಂಟ್ ಹೋದ್ರ ನಾಕು ತಾಸು ಆರಾಮ ನಡೀತದ. ಅಂಥಾದ್ದ ಒಂದು ಇಲ್ಲೂ ಇಟ್ಟುಬಿಡ್ರಿ, ಮುಗದ ಹೋತು."

"ಮನ್ಯಾಗ ಅದರ ಮ್ಯಾಲೆ ಏನೇನ ನಡೀತಾವ್ರಿ ಸರ?"

"ಫ್ಯಾನು, ಲೈಟು, ಟಿವಿ."

"ಕರೆಂಟ್ ಹ್ವಾದಾಗ ಟಿವಿ ಒಮ್ಮೆ ಕರ್ರಗಾಗಿ ಮತ್ತ ಬರತೈತೇನ್ರಿ?"

"ಬರ್ತದ. ಕಣ್ಣ ಮುಚ್ಚಿ ತಗಿಯೂದ್ರಾಗ."

"ಅಷ್ಟರಾಗ ನಿಮಗ ಧಾರಾವಾಹಿ ಒಳಗ ಒಂದ್ ಮಾತು ತಪ್ಪತೈತಿ, ಬ್ಯಾರೆ ಏನಾಗಂಗಿಲ್ಲ. ಈ ಮಷಿನ್ ಅಷ್ಟರಾಗ ಸತ್ತ ಹೋಗತೈತ್ರಿ. ಬರ್ಯಾಕತ್ತಿದ್ದು ಅರ್ಧಕ್ಕ ನಿಂತಿರತೈತಿ. ಇದಕ್ಕ ಕಣ್ಣ ಮುಚ್ಚಾಕ ಬಿಡದಂಥಾದ್ದು ಬೇಕು."

"ನಾ ಧಾರಾವಾಹಿ ನೋಡಂಗಿಲ್ಲ," ಎಂದರು ಸರ್.

"ಮನ್ಯಾಗ ಬಾಯಾರು ನೋಡ್ತಾರಲ್ರಿ."

ಸರ್ ನಕ್ಕುಬಿಟ್ಟರು. ಆದರೂ ನಾಲ್ಕು ತಾಸಿನ ಮಾತು ಬಿಡಲಿಲ್ಲ. ಆಗ ಕಾಕಾ ರೊಟ್ಟಿಯ ಡಬ್ಬಿ ಮುಚ್ಚಿ, ಕೈ ತೊಳೆದು ಬಂದು, ಕೆಲಸ ಇರುವುದು ನನ್ನ ಹತ್ತಿರ ಎಂಬಂತೆ ನನ್ನ ಕಡೆ ತಿರುಗಿದರು.

"ಬಾಯಾರ, ಇದನ್ನ ಪದ್ಧತಿ ಪ್ರಕಾರ ಬಂದ್ ಮಾಡಾಕ ಎಷ್ಟ ಹೊತ್ತ ಬೇಕ್ರಿ?"

"ಹತ್ತು ನಿಮಿಷ."

"ಆವಾಗ ನೀವು ಮ್ಯಾಲಿನ ಖೋಲ್ಯಾಗ ಇದ್ರ?"

"ಇನ್ನೊಂದು ಐದು."

"ಹೊರಗ ಚಾ ಕುಡ್ಯಾಕ ಹೋಗಿದ್ರ?"

"ಇನ್ನೊಂದು ಹತ್ತು."

"ಹಂಗಾದ್ರ ಅರ್ಧಾ ತಾಸು," ಎಂದು ನೋಟ್‌ಬುಕ್ಕಿನಲ್ಲಿ ಬರೆದರು. "ಸರ, ಕರೆಂಟ್ ಇಲ್ಲಂದ್ರ ನಿಮ್ಮ ಟೇಪ್ ಮಷಿನ್ನ ತಿರಗಂಗಿಲ್ಲ. ಸರ್ವರ್ ಒಂದ ನಾಕ್ ತಾಸು ಎಚ್ಚರಿದ್ದು ಯಾರಿಗೆ ಕಾಯಬೇಕು? ಅದಕ್ಕ ನಡ್ಯಾಕ ಬ್ಯಾಟರಿ ಬ್ಯಾಡ್ರಿ. ಕೆಲಸಾ ಮುಗಿಸಿ ನೆಟ್ಟಗ ಮಲಗಾಕ ಬೇಕು."

ನನ್ನ ಚಹದ ಹೊತ್ತನ್ನೂ ಸೇರಿಸಿ ಯಾರಾದರೂ ಒಂದು ಯಂತ್ರವನ್ನು ಆರಿಸಿದ್ದು ಅದೇ ಮೊದಲು.

ಸಂಜೆ ಅವರು ಹೇಳಿದ್ದು ಇಷ್ಟು: ಎಲ್ಲ ಕೂಡಿ ಆರುನೂರು ವ್ಯಾಟ್ ದಾಟುವುದಿಲ್ಲ, ಎರಡು ಕೆವಿಎ ಸಾಕು, ಅರ್ಧ ತಾಸಿನ ಬ್ಯಾಟರಿ ಸಾಕು. ಉಳಿದವರು ಮೂರು, ಐದು ಎಂದಿದ್ದಾರಲ್ಲ, ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಿದೆ.

"ದೊಡ್ಡದಿತ್ತಂದ್ರ ಜಾಗಾ ಐತಿ ಅಂತ ಒಬ್ಬರು ಚಾದ ಕೆಟಲ್ ಹಚ್ಚತಾರ್ರಿ. ಇನ್ನೊಬ್ಬರು ಪ್ರಿಂಟರ್. ಮತ್ತೊಬ್ಬರು ಇಸ್ತ್ರಿ. ಒಂದ್ ವರ್ಷಕ್ಕ ದೊಡ್ಡದೂ ಸಣ್ಣದಾಗತೈತಿ. ಸಣ್ಣದು ಇದ್ರ ಅಂಜಿ ಇರ್ತಾರ."

ಯುಪಿಎಸ್ ಕೂರಿಸುವ ದಿನ ಸರ್ವರಿನ ಮೂರು ಪ್ಲಗ್ ಪಾಯಿಂಟುಗಳಿಗೆ ಚೀಲದಿಂದ ಒಂದು ಸಣ್ಣ ಶೀಶೆ ತೆಗೆದು ಕೆಂಪು ಬಣ್ಣ ಬಳಿದರು. ಉಗುರಿಗೆ ಹಚ್ಚುವ ಬಣ್ಣ.

"ಇದು ಎಲ್ಲಿದು ಕಾಕಾ?"

"ಮಗಳದ್ರಿ. ತಂದಿದ್ದು ಆಕಿಗೆ ಗೊತ್ತಿಲ್ಲ." ಒಂದು ಪಾಯಿಂಟು ಬಳಿದು ಮುಗಿಸಿ, "ಗೊತ್ತಿದ್ದೀತು. ಸುಮ್ನಿರತಾಳ," ಎಂದರು.

ಕೆಂಪು ಪಾಯಿಂಟಿಗೆ ಮೊಬೈಲನ್ನೂ ಹಚ್ಚಬೇಡಿ ಎಂದರು. ದೊಡ್ಡ ಯಂತ್ರಗಳ ದಪ್ಪ ಪಿನ್ನು ಒಳಗೆ ಹೋಗದಿರಲಿ ಎಂದು ಬೇಕೆಂದೇ ಸಣ್ಣ ತೂತಿನ ಪಾಯಿಂಟು ಹಾಕಿದ್ದರು. ಆಮೇಲೆ ಅವರದೊಂದು ಪದ್ಧತಿ: ಎಲ್ಲರನ್ನೂ ಕರೆದು ನಿಲ್ಲಿಸಿ, ಗಡಿಯಾರ ನೋಡಿಕೊಳ್ಳಲು ಹೇಳಿ, ತಾವೇ ಮನೆಯ ಮೇನ್ ಸ್ವಿಚ್ಚನ್ನು ಎಳೆದುಬಿಡುವುದು. ಫ್ಯಾನು ನಿಂತಿತು, ದೀಪ ಆರಿತು, ಒಲೆಕಟ್ಟೆಯ ಮೇಲೆ ಸರ್ವರಿನ ಹಸಿರು ಚುಕ್ಕಿಗಳು ಮಾತ್ರ ಮಿನುಗುತ್ತಲೇ ಇದ್ದವು. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅರ್ಧ ತಾಸು ನಿಂತೇ ಇದ್ದರು. ಮೂವತ್ತನಾಲ್ಕು ನಿಮಿಷ ಬಂತು. ಹೋಗುವಾಗ, "ತಿಂಗಳಿಗೊಮ್ಮೆ ನೀವೂ ಹಿಂಗ ಎಳೀರಿ," ಎಂದರು. ನಾವು ಒಮ್ಮೆಯೂ ಎಳೆಯಲಿಲ್ಲ. ಧೈರ್ಯವಾಗಲಿಲ್ಲ.

ಬೇಸಿಗೆಯಲ್ಲಿ ಕೆಲಸವಿಲ್ಲದಿದ್ದರೂ ಬಂದರು. ಹಿತ್ತಲಿನ ಅರ್ಥಿಂಗ್ ಗುಂಡಿಗೆ ತಾವೇ ಎರಡು ಕೊಡ ನೀರು ಸುರಿದರು. ಹುಬ್ಬಳ್ಳಿಯ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಧಾರವಾಡದ ಕೆಂಪು ಮಣ್ಣು ಬಿಟ್ಟುಬಿಡುತ್ತದೆ, ಮಣ್ಣು ಒಣಗಿದರೆ ಅರ್ಥಿಂಗು ಇದ್ದೂ ಇಲ್ಲದ ಹಾಗೆ, ಎಂದು ವಿವರಿಸಿದರು. ಆ ದಿನವೇ ಇರಬೇಕು, ನಾನು ಅವರಿಗೆ ಒಂದು ಹಳೆಯ ಬೈಠಕ್ಕಿನ ಧ್ವನಿಮುದ್ರಣ ಕೇಳಿಸಿದ್ದು. ಯಾರದೋ ಪಡಸಾಲೆಯಲ್ಲಿ ಹಾಡಿದ್ದು. ಹೊಗಳುತ್ತಾರೆಂದು ಕಾದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಛಲೋ ಹಾಡ್ಯಾರ್ರಿ," ಎಂದರು. "ಹಿಂದ ಗುಂಯ್ ಅಂತ ಒಂದ್ ಸುರ ಐತಿ, ಕೇಳಿದ್ರೇನು? ಅದು ತಂಬೂರಿ ಅಲ್ರಿ. ಆ ಮನ್ಯಾಗ ಅರ್ಥಿಂಗ್ ಇರಲಿಲ್ಲ."

ಈಗ ಆ ಮುದ್ರಣವನ್ನು ಯಾವಾಗ ಕೇಳಿದರೂ ನನಗೆ ಹಾಡಿಗಿಂತ ಮೊದಲು ಆ ಗುಂಯ್ ಕೇಳುತ್ತದೆ.

ಇನ್ನು ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಹಳೆಯ ಸ್ಪೂಲ್ ಟೇಪುಗಳು ಕೆಲವು ಅಂಟಂಟಾಗಿರುತ್ತವೆ. ಹಾಗೇ ಹಚ್ಚಿದರೆ ಲೇಪ ಕಿತ್ತು ಬರುತ್ತದೆ. ಅವನ್ನು ಸಣ್ಣ ಬಿಸಿಯಲ್ಲಿ ಏಳೆಂಟು ತಾಸು ಬಿಡದೆ ಇಟ್ಟರೆ ಅಂಟು ಆರುತ್ತದೆ, ಆಮೇಲೆ ಒಂದೆರಡು ಸಲ ನುಡಿಸಬಹುದು. ಇದಕ್ಕಾಗಿ ನಾವು ಒಂದು ಬಿಸಿಪೆಟ್ಟಿಗೆ ತರಿಸಿದೆವು. ಯುಪಿಎಸ್ ಬಂದ ಮರುವರ್ಷ. ಪೆಟ್ಟಿಗೆಯ ಹಿಂದೆ ಹದಿನೈದು ನೂರು ವ್ಯಾಟ್ ಎಂದು ಬರೆದಿತ್ತು. ನಾನು ಓದಿದ್ದೆ.

ಆ ವಾರ ಮಾಳಮಡ್ಡಿಯ ಒಬ್ಬ ಹೆಣ್ಣುಮಗಳು ನಾಲ್ಕು ಸ್ಪೂಲು ತಂದುಕೊಟ್ಟಿದ್ದರು. ಅವರ ತಾಯಿ ಮನೆಯಲ್ಲಿ ಹಾಡುತ್ತಿದ್ದರಂತೆ. ಹೊರಗೆ ಎಲ್ಲೂ ಹಾಡಿದವರಲ್ಲ. ಆ ದನಿ ಇರುವುದು ಈ ನಾಲ್ಕರಲ್ಲಿ ಮಾತ್ರ. ಮೂರನ್ನು ಬಿಸಿಗಿಟ್ಟು, ಇಳಿಸಿ ಸರ್ವರಿಗೆ ಹಾಕುತ್ತಿದ್ದೆವು. ನಾಲ್ಕನೆಯದು ಬಿಸಿಪೆಟ್ಟಿಗೆಯಲ್ಲಿತ್ತು. ಎರಡು ದಿನದಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನಡುವೆ ಬಿಸಿ ನಿಂತರೆ ಟೇಪು ಕೆಡುತ್ತದೆಂದು ನನಗೆ ಭಯ. ಲೈನ್ ಬಜಾರಿನಿಂದ ದಪ್ಪ ಪಿನ್ನನ್ನು ಸಣ್ಣ ಪಾಯಿಂಟಿಗೆ ಹೊಂದಿಸುವ ಒಂದು ಜೋಡಣೆ ತಂದು, ಬಿಸಿಪೆಟ್ಟಿಗೆಯನ್ನು ಕೆಂಪು ಪಾಯಿಂಟಿಗೆ ಹಚ್ಚಿದೆ. ಯುಪಿಎಸ್ ಬೀಪ್ ಬೀಪ್ ಎಂದಿತು. ಹಳದಿ ದೀಪ ಹತ್ತಿತು. ದನಿ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಅವರೇ ತೋರಿಸಿಕೊಟ್ಟಿದ್ದರು. ಅದನ್ನು ಒತ್ತಿದೆ. ಎಲ್ಲ ನಡೆಯುತ್ತಿತ್ತಲ್ಲ, ಸರಿಯೇ ಇದೆ ಎಂದುಕೊಂಡೆ.

ಸರಿಯಿರಲಿಲ್ಲ. ಭಾರ ಮೀರಿದಾಗ ಆ ಯಂತ್ರ ತಾನು ಪಕ್ಕಕ್ಕೆ ಸರಿದು ಹೊರಗಿನ ಕರೆಂಟನ್ನೇ ನೇರವಾಗಿ ಬಿಡುತ್ತದೆ. ಹಳದಿ ದೀಪದ ಅರ್ಥ ಅದು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕರೆಂಟು ಹೋಯಿತು. ಯುಪಿಎಸ್ ಒಂದು ಕ್ಷಣವೂ ತಡೆಯಲಿಲ್ಲ. ಸರ್ವರು ಬರೆಯುತ್ತಿದ್ದಂತೆಯೇ ಸತ್ತುಬಿತ್ತು.

ಆ ವಾರ ಇಳಿಸಿದ್ದೆಲ್ಲ ಹೋಯಿತು. ಹಿಂದಿನ ವಾರದವರೆಗಿನದು ಬೇರೆ ಕಡೆ ನಕಲಿತ್ತು. ಆ ಮೂರು ಸ್ಪೂಲುಗಳನ್ನು ಮತ್ತೆ ಹಚ್ಚಿದಾಗ ಎರಡು ಓಡಿದವು. ಮೂರನೆಯದರಿಂದ ಕಂದು ಪುಡಿ ಉದುರಿ ಬರೀ ಪಟ್ಟಿ ಉಳಿಯಿತು. ಪೆಟ್ಟಿಗೆಯಲ್ಲಿದ್ದ ನಾಲ್ಕನೆಯದು ಕೆಡದೆ ಉಳಿಯಿತು.

ಬಿಸಿಪೆಟ್ಟಿಗೆಯನ್ನು ಕೆಂಪು ಪಾಯಿಂಟಿನಿಂದ ಯಾವಾಗ ಕಿತ್ತೆ? ಕರೆಂಟು ಬಂದ ಮೇಲೋ, ಅದಕ್ಕೂ ಮೊದಲೋ? ಬೇಕೆಂದು ಕಿತ್ತೆನೋ, ಗಡಿಬಿಡಿಯಲ್ಲಿ ಕೈಗೆ ಸಿಕ್ಕದ್ದನ್ನೆಲ್ಲ ಕಿತ್ತೆನೋ? ಎಷ್ಟು ಸಲ ಕೇಳಿಕೊಂಡರೂ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಕಾಕಾ ಬಂದಾಗ ಅದು ಅಲ್ಲಿರಲಿಲ್ಲ, ಜೋಡಣೆ ನನ್ನ ಮೇಜಿನ ಖಾನೆಯಲ್ಲಿತ್ತು. ಇಷ್ಟು ನಿಜ.

ಅವರು ಸುದ್ದಿ ಕೇಳಿ ಎರಡು ತಾಸಿನಲ್ಲಿ ಬಂದರು. ಸ್ಕ್ರೂಡ್ರೈವರಿನ ತುದಿ ಯಂತ್ರಕ್ಕೆ, ಹಿಡಿ ಕಿವಿಗೆ ಒತ್ತಿ ಆಲಿಸಿದರು. ಬ್ಯಾಟರಿ ಅಳೆದರು. ಮೇನ್ ಸ್ವಿಚ್ ಎಳೆದರು. ಸರ್ವರು ಅರ್ಧ ತಾಸು ಆರಾಮಾಗಿ ನಡೆಯಿತು. ಮತ್ತೆ ಎಳೆದರು. ಮತ್ತೆ ನಡೆಯಿತು. ಏನೇನಾಯಿತೆಂದು ಬರೆದಿಟ್ಟುಕೊಳ್ಳುವ ಒಂದು ಕಾರ್ಡು ಯುಪಿಎಸ್‌ಗೆ ಹಾಕಿಸಬಹುದಿತ್ತು. ಕೊಳ್ಳುವಾಗ ನಾವೇ ಬೇಡ ಎಂದಿದ್ದೆವು. ಹಾಗಾಗಿ ಯಂತ್ರಕ್ಕೆ ಏನೂ ನೆನಪಿರಲಿಲ್ಲ.

"ಬಾಯಾರ, ಆವಾಗ ಬ್ಯಾರೆ ಏನರೆ ಹಚ್ಚಿದ್ರೇನ್ರಿ ಇದಕ್ಕ?"

ನಾನು ಇಲ್ಲ ಎಂದೆನೋ, ಬರೀ ಅಡ್ಡಡ್ಡ ತಲೆಯಾಡಿಸಿದೆನೋ. ಹಲವು ವರ್ಷ ತಲೆಯಾಡಿಸಿದ್ದೇ ನೆನಪಾಗಿ ಉಳಿದಿತ್ತು, ಅದು ಹೇಳಿದ್ದಕ್ಕಿಂತ ಕಡಿಮೆ ತಪ್ಪು ಎಂಬಂತೆ.

ಆ ಹೊತ್ತಿಗೆ ಮಾಳಮಡ್ಡಿಯ ಹೆಣ್ಣುಮಗಳು ಬಂದು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಸರ್‌ಗೆ ಅವರೆದುರು ಅವಮಾನವಾಗಿತ್ತು. ಎಲ್ಲರ ಮುಂದೆಯೇ ಕಾಕಾಗೆ ಅಂದುಬಿಟ್ಟರು.

"ಇಡೀ ದಿನಾ ಕೂತು ಲೆಕ್ಕಾ ಮಾಡಿದ್ರಿ. ದೊಡ್ಡದು ಬ್ಯಾಡ, ಎರಡ ಸಾಕು ಅಂದ್ರಿ. ಈಗ ಈ ತಾಯಿಗೆ ಏನ್ ಹೇಳ್ತೀರಿ, ಹೇಳ್ರಿ. ನಿಮ್ಮ ಲೆಕ್ಕಾ ಎಲ್ಲಿಗೆ ಹೋತು?"

ಅವರು ಆ ಹೆಣ್ಣುಮಗಳ ಕಡೆ ಒಮ್ಮೆ ನೋಡಿದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ನೆನಪಿರುತ್ತಿತ್ತು.

"ಹುಡಕತೇನ್ರಿ ಸರ," ಎಂದರು. "ಎಲ್ಲ್ಯೋ ತಪ್ಪಿರಬೇಕು. ಹುಡಕತೇನಿ."

ಯುಪಿಎಸ್ಸನ್ನು ಅಂಗಡಿಗೆ ಒಯ್ದು ಪೂರ್ತಿ ಬಿಚ್ಚಿ ನೋಡಿದರಂತೆ. ಒಂದು ವಾರದ ನಂತರ ಹೊಸ ಬ್ಯಾಟರಿ ಹಾಕಿ ತಂದು ಕೂರಿಸಿದರು. ತಪ್ಪು ಸಿಕ್ಕಿತೇ ಎಂದು ಸರ್ ಕೇಳಿದ್ದಕ್ಕೆ, ಸಿಗಲಿಲ್ಲ ಎಂದರು. ಮುಂದಿನ ಬೇಸಿಗೆಗೆ ನೀರು ಸುರಿಯಲು ಬರಲಿಲ್ಲ. ಆಮೇಲೂ ಬರಲಿಲ್ಲ. ಸರ್ವರು ಸತ್ತ ದಿನದ ದಿನಚರಿಯಲ್ಲಿ ನಾನು ಬರೆದಿರುವ ಸಾಲು, ಓದಲು ಇಷ್ಟಪಡುವುದಿಲ್ಲ ಎಂದೆನಲ್ಲ, ಅದು ಇದು: 'ಯುಪಿಎಸ್ ಕೈಕೊಟ್ಟಿತು, ಕಾಕಾನ ಲೆಕ್ಕ ತಪ್ಪಿತ್ತು.' ಯಾರೂ ಓದದ ಪುಸ್ತಕದಲ್ಲೂ ಹಾಗೆ ಬರೆದೆ.

ಈ ವರ್ಷ ಆ ಯುಪಿಎಸ್ ಹಳೆಯದಾಯಿತೆಂದು ಹೊಸದು ಕೊಳ್ಳುವ ಮಾತು ಬಂತು. ನಂಬರು ಹುಡುಕಿ ಫೋನ್ ಮಾಡಿದೆ. ಎತ್ತಿದವರು ಅವರ ಮಗಳು.

"ಅಬ್ಬಾ ತೀರಕೊಂಡ್ರಲ್ರಿ. ಚಳಿಗಾಲದಾಗ. ಅಂಗಡಿ ನಾ ನೋಡಾಕತ್ತೇನಿ. ಏನರೆ ಬೇಕಿತ್ತೇನ್ರಿ?"

ಬರುತ್ತೇನೆ ಎಂದು ಹೇಳಿ ಮರುದಿನ ಹುಬ್ಬಳ್ಳಿಗೆ ಹೋದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ವಾರ್ನಿಶ್ ಮತ್ತು ತಾಮ್ರದ ವಾಸನೆ. ಗೋಡೆಯ ಮೇಲೆ ಆ ಫೋಟೋ. ಮಗಳಿಗೆ ಮೂವತ್ತರ ಹತ್ತಿರ. ಡಿಪ್ಲೊಮಾ ಓದಿದ್ದಾರೆ. ಒಂದು ಸುರುಳಿಗೆ ತಂತಿ ಸುತ್ತುತ್ತಲೇ ಮಾತಾಡಿಸಿದರು. ನಾನು ಸಂಸ್ಥೆಯ ಹೆಸರು ಹೇಳಿದಾಗ ಕೈ ನಿಂತಿತು.

"ಎಷ್ಟೈತ್ರಿ ಭಾರ?"

"ಆರನೂರು ವ್ಯಾಟು. ಮೊದಲಿನಷ್ಟ."

ಕೊಟೇಶನ್ ಹಾಳೆಯ ಮೇಲೆ ಐದು ಕೆವಿಎ ಎಂದು ಬರೆದರು.

"ಐದ ಯಾಕ್ರಿ? ಕಾಕಾ ಎರಡು ಸಾಕು ಅಂದಿದ್ರು."

"ಅದ ತಪ್ಪಾತಲ್ರಿ, ನಿಮ್ಮಲ್ಲೆ." ದನಿಯಲ್ಲಿ ಸಿಟ್ಟಿರಲಿಲ್ಲ. "ಅದರ ಮ್ಯಾಲೆ ಅಬ್ಬಾ ಯಾರಿಗೂ ಸರ್ವರಿಂದು ಹೇಳಾಕ ಹೋಗಲಿಲ್ಲ. ಬಂದವ್ರನ್ನ ಬ್ಯಾರೆ ಅಂಗಡಿಗೆ ಕಳಸ್ತಿದ್ರು. ನನಗಂದ್ರು, ನೀ ಹೇಳೂದಿದ್ರ ಬಂದ ಲೆಕ್ಕಕ್ಕ ಎರಡ ಪಟ್ಟಿಗಿಂತ ಕಡಿಮಿ ಹೇಳಬ್ಯಾಡ ಅಂತ. ನನ್ನ ಲೆಕ್ಕದಾಗ ಎಲ್ಲ್ಯೋ ತೂತೈತಿ ಬೇಟಿ, ಎಲ್ಲಿ ಅಂತ ಸಿಗವಲ್ದು, ಅಂತಿದ್ರು. ಕಡೀತನಕಾ ಅದನ್ನ ಅಂದ್ರು."

ಅವರು ನನ್ನ ಮೇಲೆ ಬೇಸರಪಟ್ಟಿದ್ದಾರೆ, ಅದಕ್ಕೇ ಬರುವುದು ಬಿಟ್ಟರು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅವರಿಗೆ ನನ್ನ ಮೇಲೆ ಅನುಮಾನವಿತ್ತು ಎಂಬ ಆ ನಂಬಿಕೆಯಲ್ಲಿ ನನಗೆ ಒಂದು ಬಗೆಯ ಸಮಾಧಾನವೂ ಇತ್ತೆಂದು ಆಗ ತಿಳಿಯಿತು. ಅವರು ಅನುಮಾನಪಟ್ಟಿದ್ದು ತಮ್ಮ ಮೇಲೆ.

ಹೇಳಿದೆ. ಬಿಸಿಪೆಟ್ಟಿಗೆ, ಲೈನ್ ಬಜಾರಿನ ಜೋಡಣೆ, ಬೀಪ್ ನಿಲ್ಲಿಸಿದ್ದು, ಎಲ್ಲವನ್ನೂ.

"ಎಷ್ಟ ವ್ಯಾಟಿಂದು ಪೆಟ್ಟಿಗಿ?"

"ಹದಿನೈದು ನೂರು."

ಅವರು ಬರೆದುಕೊಳ್ಳಲಿಲ್ಲ. ಬಾಯಲ್ಲೇ ಕೂಡಿಸಿದರು. "ಹದಿನೈದು ನೂರು, ಆರನೂರು. ಇಪ್ಪತ್ತೊಂದು ನೂರು. ಎರಡು ಕೆವಿಎ ತಡ್ಯೂದು ಹದಿನಾರು ನೂರು." ಸುರುಳಿಯನ್ನು ಪಕ್ಕಕ್ಕಿಟ್ಟರು. "ಅಬ್ಬಾ ಕೇಳಿದ್ರಲ್ರಿ ನಿಮಗ? ಬ್ಯಾರೆ ಏನರೆ ಹಚ್ಚಿದ್ರೇನು ಅಂತ? ಕೇಳದ ಬಿಡೂ ಪೈಕಿ ಅಲ್ಲ ಅವರು."

"ಕೇಳಿದ್ರು."

"ನೀವು?"

"ಇಲ್ಲ ಅಂದೆ."

ಅದನ್ನು ಹೇಳುವಾಗ ನನಗೆ ಯಾವ ಅನುಮಾನವೂ ಇರಲಿಲ್ಲ. ಬಾಯಿಬಿಟ್ಟು ಇಲ್ಲ ಎಂದಿದ್ದೆ.

ಅವರು ಎದ್ದು ಪರದೆಯ ಒಳಗೆ ಹೋದರು. ಒಳಗೆ ಉರ್ದುವಿನಲ್ಲಿ ಮಾತು. ನನಗೆ ಅಲ್ಲಲ್ಲಿ ಅರ್ಥವಾಯಿತು. ಮಗಳು ಹೇಳಿದರು. ತಾಯಿ ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದರು. ಬಹಳ ಹೊತ್ತಿನ ಮೇಲೆ ಮಗಳು ಹೊರಗೆ ಬಂದರು.

"ಅಮ್ಮಿ ಕೇಳಾಕತ್ತಾರ, ಅವತ್ತ ಅಬ್ಬಾಗ ಅಂದಾಗ ಅಲ್ಲಿ ಎಷ್ಟ ಮಂದಿ ಇದ್ರು ಅಂತ."

ಎಣಿಸಿದೆ. ಸರ್. ಟೇಪು ಇಳಿಸುವ ನನ್ನ ಇಬ್ಬರು ಸಹೋದ್ಯೋಗಿಗಳು. ಕಚೇರಿಯ ಗುಮಾಸ್ತರು. ಮಾಳಮಡ್ಡಿಯ ಹೆಣ್ಣುಮಗಳು. "ನನ್ನ ಬಿಟ್ಟು ಐದು."

"ಅವ್ರಿಗೆ ಹೇಳ್ರಿ ಅಂತಾರ. ಐದೂ ಮಂದಿಗೆ. ನಮಗ ಹೇಳಿ ಏನ್ ಮಾಡೂದೈತ್ರಿ, ನಾವು ಅಬ್ಬಾಗ ಏನೂ ಅಂದಿರಲಿಲ್ಲ." ಕೊಟೇಶನ್ ಹಾಳೆಯನ್ನು ಎಳೆದುಕೊಂಡು ಐದನ್ನು ಹೊಡೆದುಹಾಕಿ ಎರಡು ಎಂದು ಬರೆದರು. "ಹೇಳಿದ ಮ್ಯಾಲೆ ಫೋನ್ ಮಾಡ್ರಿ. ಬಂದು ಹಚ್ಚಿಕೊಡತೇನಿ."

ಮರುದಿನ ಬೆಳಿಗ್ಗೆ ಸರ್‌ಗೆ ಹೇಳಿದೆ. ಅವರು ಬಹಳ ಮಾತಿನವರು. ಅಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆ ಮನಿಗೆ ಒಂದು ಫೋನ್ ಹಚ್ಚಿಕೊಡು," ಎಂದಷ್ಟೇ ಅಂದರು. "ಅಮ್ಮಾರ, ನಾ ಮಂದಿ ಮುಂದ ಅಂದಿದ್ದು ತಪ್ಪಾತು," ಎನ್ನುವುದು ನನಗೆ ಕೇಳಿಸಿತು. ಮುಂದಿನದು ಕೇಳಬಾರದೆಂದು ಹೊರಗೆ ಬಂದೆ. ಸಹೋದ್ಯೋಗಿಗಳಲ್ಲಿ ಒಬ್ಬರು, "ಅಯ್ಯ, ಅದಾ? ಅದನ್ನ ಈಗ ಯಾಕ ತಗದಿ? ನನಗ ನೆನಪ ಇಲ್ಲ ನೋಡು," ಎಂದರು. ನೆನಪು ಮಾಡಿಸಿಯೇ ಹೇಳಿದೆ. ಇನ್ನೊಬ್ಬರು ಬೆಳಗಾವಿಯಲ್ಲಿದ್ದಾರೆ. ಪತ್ರ ಬರೆದೆ, ಓದಿದೆನೆಂದು ಉತ್ತರ ಬಂತು. ಗುಮಾಸ್ತರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಅವ್ರು ಹೋಗೂ ಮುಂದ ನನ್ನ ಕಡೆ ನೀರು ಕೇಳಿ ಕುಡದ್ರಿ ಅವತ್ತ. ಎರಡು ತಂಬಿಗಿ," ಎಂದರು. ನನಗೆ ಅದು ಗೊತ್ತಿರಲಿಲ್ಲ.

ನಾಲ್ವರಾಯಿತು. ಮಾಳಮಡ್ಡಿಯ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಆಗ ಅವರು ಕೊಟ್ಟಿದ್ದ ಫೋನ್ ನಂಬರು ಚಾಲ್ತಿಯಲ್ಲಿಲ್ಲ. ಮಗನ ಜೊತೆ ಎಲ್ಲೋ ಹೋದರು ಎನ್ನುತ್ತಾರೆ ಅಕ್ಕಪಕ್ಕದವರು. ಯಾವ ಊರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕನ್ನಡದ ಪತ್ರಿಕೆಗಳನ್ನು ಬಿಡದೆ ತರಿಸಿ ಓದುತ್ತಿದ್ದರು ಎಂದು ಮಾತ್ರ ಒಬ್ಬರು ಹೇಳಿದರು. ಅದಕ್ಕೆ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ.

ಅಮ್ಮಾ, ನಿಮ್ಮ ತಾಯಿಯವರ ಒಂದು ಟೇಪು ಹೋದದ್ದು ನನ್ನ ಕೈಯಿಂದ. ಅಂದು ಬಾಗಿಲಲ್ಲಿ ನಿಂತು ನೀವು ಯಾರನ್ನು ನೋಡಿದಿರೋ, ಅವರಿಂದಲ್ಲ.